‘ಯಾಕೆ’ ಎಂದು ಕೇಳದ ಮಾವ

ನನ್ನ ಸೋದರಮಾವ ಯಾರನ್ನೂ ‘ಯಾಕೆ’ ಎಂದು ಕೇಳುತ್ತಿರಲಿಲ್ಲ. ಹಾಲು ಒಡೆದರೆ ‘ಯಾವಾಗ ಕಾಯಿಸಿದ್ದು?’ ಎನ್ನುವರು, ನಾನು ತಡವಾಗಿ ಬಂದರೆ ‘ಎಷ್ಟು ಗಂಟೆಗೆ ಹೊರಟೆ, ಯಾವ ಬಸ್ಸು?’ ಎಂದು ವಿಚಾರಿಸುವರು. ಹೊಸಬರಿಗೆ ಇದು ತಮಾಷೆಯಾಗಿ ಕಾಣುತ್ತಿತ್ತು. ಮನೆಯವರಾದ ನಮಗೆ ಅದರ ಹಿಂದಿನ ಕತೆ ಗೊತ್ತಿತ್ತು.

ಬಸ್ ನಿಲ್ದಾಣದ ಹಿಂದಿನ ಓಣಿಯಲ್ಲಿ ಅವರದೊಂದು ಫೋಟೋ ಸ್ಟುಡಿಯೋ. ಕೋಟಿಲ್ಲದೆ ಬಂದ ಗಿರಾಕಿಗಳಿಗೆಂದು ಅಲ್ಲಿ ಮೊಳೆಗೆ ನೇತುಹಾಕಿದ್ದ ಕರಿಯ ಕೋಟೊಂದಿತ್ತು. ಬೆನ್ನ ಹಿಂದೆ ಬಟ್ಟೆ ಒಣಹಾಕುವ ಕ್ಲಿಪ್ಪು ಸಿಕ್ಕಿಸಿ, ಎಂಥ ನರಪೇತಲನ ಮೈಗೂ ಅದನ್ನು ಒಪ್ಪವಾಗಿ ಕೂರಿಸಿ, ‘ಸ್ವಲ್ಪ ಗಲ್ಲ ಎತ್ತಿ’ ಎಂದು ಅವರು ಗುಂಡಿ ಒತ್ತುತ್ತಿದ್ದರು. ಊರಿನ ಅರ್ಧದಷ್ಟು ಗುಮಾಸ್ತರು ಆ ಒಂದೇ ಕೋಟಿನಲ್ಲಿ ಸರ್ಕಾರಿ ಸೇವೆಗೆ ಸೇರಿದವರು! ಕಚೇರಿಗಳಿಗೆ ಅಲೆಯುವ ಗ್ರಹಚಾರ ಒದಗಿದ ಮೇಲೆ ಮಾವ ಅದನ್ನೇ ತೊಟ್ಟು ಹೊರಡತೊಡಗಿದರು. ವರ್ಷಗಟ್ಟಲೆ ಕ್ಯಾಮೆರಾ ಸ್ಟ್ಯಾಂಡು ಹೊತ್ತು ಎಡಭುಜ ಜಗ್ಗಿಹೋಗಿದ್ದರಿಂದ ಒಂದು ಬದಿಗೆ ವಾಲಿಕೊಂಡು, ತೆಗೆಯಲು ಮರೆತ ಕ್ಲಿಪ್ಪನ್ನು ಬೆನ್ನಿಗೆ ಕಚ್ಚಿಸಿಕೊಂಡೇ ಮೆಟ್ಟಿಲೇರುತ್ತಿದ್ದ ಆ ಆಕೃತಿಯನ್ನು ಕಂಡು ಜವಾನರು ಮುಸಿಮುಸಿ ನಗುತ್ತಿದ್ದರು.

ಅವರ ಒಬ್ಬನೇ ಮಗ ನೀರು ಸರಬರಾಜು ಇಲಾಖೆಯ ಪಂಪ್‌ಹೌಸಿನಲ್ಲಿ ಕೆಲಸಕ್ಕಿದ್ದ. ಬಹುಕಾಲ ಮುಚ್ಚಿಟ್ಟಿದ್ದ ತೊಟ್ಟಿಯೊಂದನ್ನು ತೊಳೆಯಲು ಇಳಿದವನು ಒಳಗಿನ ವಿಷಗಾಳಿಗೆ ಉಸಿರುಕಟ್ಟಿ ತೀರಿಕೊಂಡ. ಯಾರೂ ಹೇಳದೆ ಆತ ತಾನಾಗಿಯೇ ಇಳಿದನೆಂದು ಇಲಾಖೆ ಕೈತೊಳೆದುಕೊಂಡಿತು. ಅಂದು ಬೆಳಿಗ್ಗೆಯಷ್ಟೇ ಅತ್ತೆ ಅವನ ಕೈಗೆ ಊಟದ ಡಬ್ಬಿ ಕೊಡುತ್ತಾ, ‘ಆ ತೊಟ್ಟಿಗೆ ಮಾತ್ರ ಇಳೀಬೇಡ ಕಣೋ’ ಎಂದಿದ್ದರು. ಅವನು ‘ಇಲ್ಲಮ್ಮ, ನಿನ್ನಾಣೆ’ ಎಂದಿದ್ದ. ಹಾಗಾಗಿ ಅತ್ತೆ ಅಳಲಿಲ್ಲ. ಕೊಟ್ಟ ಮಾತಿಗೆ ತಪ್ಪಿದನೆಂದು ಸತ್ತ ಮಗನ ಮೇಲೆ ಸಿಟ್ಟಾದರು. ಸ್ಟುಡಿಯೋದ ಗಾಜಿನೊಳಗಿದ್ದ ಅವನ ಫೋಟೋ ಕಣ್ಣಿಗೆ ಬೀಳದಿರಲೆಂದು ಓಣಿಯ ಆಚೆ ಬದಿಯಲ್ಲೇ ನಡೆದುಹೋಗುತ್ತಿದ್ದರು.

ಅವನಾಗಿಯೇ ಇಳಿದನೋ, ಯಾರಾದರೂ ಇಳಿಸಿದರೋ? ಮಾವನಿಗೆ ಬೇಕಾಗಿದ್ದುದು ಇಷ್ಟೇ. ಮಾಹಿತಿ ಹಕ್ಕಿನ ಕಾಯ್ದೆಯಡಿ ಅವರು ಹಾಕಿದ ಮೊದಲ ಅರ್ಜಿ ‘ನನ್ನ ಮಗ ಯಾಕೆ ಸತ್ತ?’ ಎಂದೇ ಆರಂಭವಾಗಿತ್ತು. ಅದು ತಿರಸ್ಕೃತವಾಗಿ ಬಂತು. ಮಾಹಿತಿ ಅಧಿಕಾರಿ ಕೆಟ್ಟವರೇನಲ್ಲ. ಅವರ ಕೊರಳಲ್ಲಿ ತೂಗುತ್ತಿದ್ದ ಗುರುತಿನ ಚೀಟಿಯ ಫೋಟೋದಲ್ಲೂ ಇದೇ ಕೋಟಿತ್ತು. ‘ಯಜಮಾನ್ರೇ, ಕಡತದಲ್ಲಿರೋ ಕಾಗದ ಕೇಳಿ, ಕೊಡ್ತೀವಿ. ಯಾಕೆ ಅಂತ ಕೇಳಿದ್ರೆ ನಾವೆಲ್ಲಿಂದ ತರೋಣ? ಅದು ಮಾಹಿತಿ ಅಲ್ಲ, ಪ್ರಶ್ನೆ’ ಎಂದು ಕುಳ್ಳಿರಿಸಿ ತಿಳಿಹೇಳಿದರು.

ಅಂದಿನಿಂದ ಮಾವ ಆ ಪದವನ್ನು ಬಿಟ್ಟರು. ‘ಬಾಯಲ್ಲಿದ್ರೆ ಕೈಗೂ ಬಂದ್ಬಿಡತ್ತೆ ಕಣೋ. ಅರ್ಜೀಲಿ ಒಂದ್ಸಲ ನುಸುಳಿದ್ರೆ ಮತ್ತೆ ಮೊದಲಿಂದ’ ಎಂದು ನನಗೆ ಹೇಳಿದ್ದರು. ಆಮೇಲಿನದು ಹಲವು ವರ್ಷಗಳ ಬರೀ ಅಲೆದಾಟ. ಕಡತ ಬೇರೆ ಶಾಖೆಗೆ ಹೋಗಿದೆ ಎಂದರು, ತನಿಖೆ ನಡೆಯುತ್ತಿದೆ ಎಂದರು, ಕಡೆಗೆ ಕಡತವೇ ಸಿಗುತ್ತಿಲ್ಲ ಎಂದೂ ಹೇಳಿಬಿಟ್ಟರು. ಥೂ, ನಾನಾಗಿದ್ದರೆ ಮೇಜು ಗುದ್ದಿ ರಂಪ ಮಾಡುತ್ತಿದ್ದೆ. ಮಾವ ಮಾತ್ರ ಎದ್ದು ನಿಂತು, ಎದುರಿಗಿದ್ದವರ ಓರೆಯಾದ ಕಾಲರನ್ನು ಅಭ್ಯಾಸಬಲದಿಂದ ಸರಿಪಡಿಸಿ, ‘ಆಯ್ತು, ಅದನ್ನೇ ಬರಹದಲ್ಲಿ ಕೊಡಿ’ ಎನ್ನುತ್ತಿದ್ದರು.

ಮೇಲ್ಮನವಿಯಲ್ಲಿ ಗೆದ್ದು ಕಡತ ನೋಡಲು ಅನುಮತಿ ಸಿಕ್ಕ ದಿನ ನಾನೂ ಜೊತೆಗಿದ್ದೆ. ಹಳೆಯ ಫ್ಯಾನುಗಳನ್ನು ಪೇರಿಸಿಟ್ಟಿದ್ದ ಕೋಣೆಯಲ್ಲಿ ಮೇಜಿನ ಒಂದು ಮೂಲೆಯನ್ನು ನಮಗೆಂದು ಒರೆಸಿಕೊಟ್ಟರು. ಮೊದಲ ಹಾಳೆಯಲ್ಲೇ ಮಗನ ಫೋಟೋ. ಮಾವ ತೆಗೆದದ್ದೇ, ಅದೇ ಕೋಟಿನಲ್ಲಿ. ಯಾರೋ ಪುಣ್ಯಾತ್ಮ ಹೊಡೆದ ಪಿನ್ನು ಅವನ ಕಿವಿಯ ಮೇಲೆ ತುಕ್ಕು ಹಿಡಿದಿತ್ತು. ಮಾವ ಅದನ್ನು ಉಗುರಿನಿಂದ ಮೆಲ್ಲನೆ ಕೆರೆದು ನೋಡಿ ಬಿಟ್ಟರು. ಸರ್ಕಾರಿ ಕಾಗದ, ಪಿನ್ನು ಕೀಳುವಂತಿಲ್ಲ.

ಹಾಳೆಗಳ ನಡುವೆ ಜೊತೆಕೆಲಸಗಾರನೊಬ್ಬನ ಹೇಳಿಕೆಯಿತ್ತು. ‘ಅಮ್ಮ ಬೇಡ ಅಂದಿದಾಳೆ, ನಾನು ಇಳಿಯಲ್ಲ ಅಂದ. ಇಳೀದಿದ್ರೆ ನಾಳೆಯಿಂದ ಕೆಲಸಕ್ಕೆ ಬರಬೇಡ ಅಂದರು ಸಾಹೇಬರು. ಆಮೇಲೆ ಇಳಿದ.’ ಕೆಳಗೆ ಹೆಬ್ಬೆಟ್ಟಿನ ಗುರುತು, ಪಕ್ಕದಲ್ಲಿ ಯಾರದೋ ಷರಾ: ‘ಪರಿಗಣಿಸುವ ಅಗತ್ಯವಿಲ್ಲ.’ ಮಾವ ಅದನ್ನು ಬೆರಳಿಟ್ಟು ಎರಡೆರಡು ಸಲ ಓದಿದರು. ದೃಢೀಕೃತ ನಕಲಿಗೆ ಅರ್ಜಿ ಬರೆದುಕೊಟ್ಟು, ಸೀಲು ಬೀಳುವವರೆಗೆ ಕಾದು, ಅದನ್ನು ಕೋಟಿನ ಒಳಜೇಬಿನಲ್ಲಿಟ್ಟುಕೊಂಡು ಮನೆಗೆ ಬಂದರು.

ಅಡುಗೆಮನೆಯ ಬಾಗಿಲಲ್ಲಿ ನಿಂತು ಓದಿ ಹೇಳಿದರು. ಅತ್ತೆ ಸೌಟು ಹಿಡಿದೇ ಕೇಳಿದರು. ‘ನನ್ನ ಹೆಸರು ಹೇಳಿದ್ನಾ?’ ಎಂದರು. ‘ಹ್ಞೂಂ, ಅಮ್ಮ ಬೇಡ ಅಂದಿದಾಳೆ ಅಂದ’ ಎಂದರು ಮಾವ. ಅತ್ತೆ ಅಲ್ಲೇ ನೆಲಕ್ಕೆ ಕುಸಿದು ಕುಳಿತರು. ‘ಅಯ್ಯೋ ನನ್ನ ಕಂದಾ, ಇಷ್ಟು ವರ್ಷ ನಿನ್ನ ಬೈಕೊಂಡೇ ಇದ್ನಲ್ಲೋ... ರೀ, ಸಿಟ್ಟೊಂದಿತ್ತು ಅಂತ ಬದುಕಿದ್ದೆ. ಈಗ ಅದೂ ಇಲ್ವಲ್ರೀ’ ಎಂದು ಹುಯ್ಯಲಿಟ್ಟರು. ಅದು ಆ ಮನೆಯ ಮೊದಲ ಅಳು.

ಮಾವ ಜಗಲಿಗೆ ಬಂದು ಕುಳಿತರು. ಬೆನ್ನಿನ ಕ್ಲಿಪ್ಪನ್ನು ನಾನು ಬಿಡಿಸಿ ಕೊಟ್ಟೆ. ಅದನ್ನು ಅಂಗೈಯಲ್ಲಿ ಹೊರಳಿಸುತ್ತಾ, ‘ಇಳಿಯಲ್ಲ ಅಂತ ಹೇಳಿದ್ನಲ್ಲೋ. ಮತ್ತೆ ಯಾಕೆ ಇಳಿಸಿದ್ರು?’ ಎಂದರು. ಅಷ್ಟು ವರ್ಷ ಅದುಮಿಟ್ಟ ಮಾತು.

ಇಂಥವರನ್ನು ನಾನು ಆಮೇಲೂ ಕಚೇರಿಯ ಬೆಂಚುಗಳ ಮೇಲೆ ಕಂಡಿದ್ದೇನೆ. ಕಾಗದದ ಹುಚ್ಚು ಹಿಡಿದವರೆಂದು ಲೋಕ ಇವರನ್ನು ಆಡಿಕೊಳ್ಳುತ್ತದೆ. ಅವರು ಕಾಗದವನ್ನು ಕೇಳುವುದು ಅದೊಂದನ್ನೇ ಕೇಳಲು ಅವರಿಗೆ ಅವಕಾಶವಿರುವುದರಿಂದ. ಅದು ಕೈಗೆ ಬಂದ ದಿನ ಗೆದ್ದೆವೆಂದು ಅವರು ಹಿಗ್ಗುವುದಿಲ್ಲ, ನಿಜವಾಗಿ ಕೇಳಬೇಕಾಗಿದ್ದುದನ್ನು ಇನ್ನು ಯಾರ ಬಳಿ ಕೇಳುವುದೆಂದು ತಿಳಿಯದೆ ಸುಮ್ಮನೆ ಕುಳಿತುಬಿಡುತ್ತಾರೆ.