ಬೆರಳಿಗೆ ಸಿಗದ ಗಂಟು

“ಯಾವ ಮುಂಡೇದೇ, ಬಿಳೀ ನೂಲಿಗೆ ರಕ್ತ ಒರೆಸಿರೋದು?”

ರಾಮನಗರದ ನಮ್ಮ ರೇಷ್ಮೆ ನೂಲಿನ ಕಾರ್ಖಾನೆಯ ಮಾಲೀಕ ಲೋಕೇಶ್ ನೂಲಿನ ಲಡಿಯನ್ನು ನನ್ನ ಪಕ್ಕ ಕೂತು ನೂಲು ತೆಗೆಯುವ ಸಿದ್ದಮ್ಮನ ಮುಖಕ್ಕೆ ಹಿಡಿದ. ಅವಳ ಎರಡೂ ಕೈ ತಿರುಗಿಸಿ ನೋಡಿದ. ಗಾಯ ಎಲ್ಲೂ ಇರಲಿಲ್ಲ. ಅವಳ ರವಿಕೆಯ ಎಡಗಡೆ ಕಾಸಗಲ ಕಲೆಯಿತ್ತು. ಅದು ನನಗೆ ಕಂಡಿತು, ಅವನಿಗೆ ಕಾಣಲಿಲ್ಲ.

ಅವನು ಅತ್ತ ಹೋದದ್ದೇ ಅವಳನ್ನು ಬಾಯ್ಲರ್ ಹಿಂದಕ್ಕೆ ಎಳೆದುಕೊಂಡು ಹೋದೆ.

“ಮೊಲೆತೊಟ್ಟಲ್ಲಿ ಜಿನುಗ್ತೈತೆ ಅನೀಸಾ. ಮೂರು ವಾರ ಆಯ್ತು. ತೊಟ್ಟೂ ಒಳಕ್ಕೆ ಸೇದ್ಕೊಂಡೈತೆ.”

“ಆಶಾ ಮೇಡಮ್ಮು ಹೇಳೋದ್ಳಲ್ಲಕ್ಕ, ಎದೇಲಿ ಗಂಟೈತಾ ಬೆರಳಲ್ಲಿ ಒತ್ತಿ ನೋಡ್ಕೊಳ್ಳಿ ಅಂತ. ನೋಡ್ಕೊಂಡಿಲ್ವಾ?”

“ನೋಡ್ಕೊಂಡೆ ಕಣವ್ವ. ಏನೂ ಸಿಗ್ಲಿಲ್ಲ. ನೋವೂ ಇಲ್ಲ.”

ಸಿಗುವುದಾದರೂ ಹೇಗೆ? ಇಪ್ಪತ್ತು ವರ್ಷ ಕುದಿನೀರಲ್ಲಿ ರೇಷ್ಮೆ ಗೂಡು ಆಡಿಸಿ ಬೆಂದು ಜಡ್ಡುಗಟ್ಟಿದ ಬೆರಳು, ಮುಟ್ಟಿದ್ದು ತಿಳಿಯದು. ಎಳೆ ಹಿಡಿಯುವುದು ಕಣ್ಣಳತೆಯಲ್ಲಿ. ಮಗುವಿಗೆ ನೀರು ಹುಯ್ಯುವಾಗ ನಾವು ಮಣಿಕಟ್ಟು ಅದ್ದಿ ನೋಡುತ್ತೇವೆ. ಬೆರಳನ್ನು ನಂಬಿದರೆ ಮಗು ಬೆಂದೀತು.

ನನ್ನ ಮಣಿಕಟ್ಟನ್ನು ಅವಳ ಎದೆಗೆ ಒತ್ತಿದೆ. ಕಂಕುಳ ಕಡೆಗೆ ಹುಣಸೆ ಬೀಜದಂಥದ್ದೊಂದು ಗಟ್ಟಿಯಾಗಿ ತಗುಲಿತು. ಒತ್ತಿದರೂ ಸರಿಯಲಿಲ್ಲ. ನನಗೆ ಅಳು ಬಂತು, ಅದಕ್ಕಿಂತ ಹೆಚ್ಚಾಗಿ ಸಿಟ್ಟು ಬಂತು.

“ಈಗ್ಲೇ ಆಸ್ಪತ್ರೆಗೆ ನಡಿಯಕ್ಕ.”

ಲೋಕೇಶ್ ಬಾಗಿಲಿಗೆ ಅಡ್ಡ ನಿಂತ. “ಗೂಡು ಕಾಯ್ತದೇನ್ರೇ? ಎರಡು ದಿನ ಬುಟ್ರೆ ಚಿಟ್ಟೆ ತೂತು ಕೊರ್ಕೊಂಡು ಬತ್ತದೆ, ಮಾಲೆಲ್ಲ ಹಾಳು. ಮುಂದಿನ್ ವಾರ ಎಲ್ಲಾದ್ರೂ ಹೋಗಿ ಸಾಯ್ರಿ.”

“ಇವಳ ಎದೇಲಿ ಗಂಟೈತೆ ಸಾವ್ಕಾರ್ರೇ. ಅದೂ ಕಾಯಲ್ಲ.”

“ಥೂ, ನಾಚ್ಕೆಗೆಟ್ಟವ್ಳೇ. ಗಂಡಸ್ರ ಮುಂದೆ ಆಡೋ ಮಾತೇನೇ ಇದು?”

ಇವತ್ತಿನವರೆಗೂ ಅವನೆದುರು ತಲೆ ಎತ್ತದ ಸಿದ್ದಮ್ಮ ಅವನ ಕೈಯಿಂದ ಲಡಿಯನ್ನು ಕಿತ್ತುಕೊಂಡಳು. ಅವನು ನೋಡುತ್ತಿದ್ದಂತೆಯೇ ಅದನ್ನು ರವಿಕೆಯೊಳಗೆ ತುರುಕಿದಳು.

“ರಕ್ತ ಹೆಂಗೂ ಆಗೋಗೈತೆ. ದಾರೀಲಿ ಒರೆಸ್ಕೊಳ್ಳಕ್ಕೆ ಬೇಕು. ದೂರ ಸರಿ.”

ಸರಿದ. ನಾನು ಒಳಗಿದ್ದವರಿಗೆ ಕೇಳುವಂತೆ ಕೂಗಿದೆ: “ಬೆರಳ್ನ ನಂಬಬೇಡ್ರೇ. ನಿಮ್ಮೆದೇನ ಮಣಿಕಟ್ಟಲ್ಲಿ ಒತ್ತಿ ನೋಡ್ಕೊಳ್ಳಿ.”

ಹೊಸ್ತಿಲು ದಾಟಿ ತಿರುಗಿ ನೋಡಿದೆ. ಲೋಕೇಶ್ ಬೈಯುತ್ತಲೇ ಇದ್ದ. ಗೂಡುಗಳು ಕುದಿಯುತ್ತಿದ್ದವು, ನೀರಿನಲ್ಲಿ ಒಂದು ಕೈಯೂ ಇರಲಿಲ್ಲ. ಎಲ್ಲರ ಮಣಿಕಟ್ಟೂ ಸೆರಗಿನೊಳಗಿತ್ತು, ಮೆಲ್ಲಗೆ ಆಡುತ್ತಿತ್ತು.

ಬಾಗಿಲ ಪಕ್ಕದ ಆಯಿಷಾಳ ಮಣಿಕಟ್ಟು ಒಂದು ಕಡೆ ನಿಂತುಬಿಟ್ಟಿತು. ಅವಳಿಗಿನ್ನೂ ಇಪ್ಪತ್ತೊಂಬತ್ತು.