ಕರೆಯುವ ಹೆಸರು

“ಐಶ್ವರ್ಯಾ...”

ಕಾವ್ಯ ಮೇಡಂ ಮಗುವಿನ ಬೆನ್ನ ಹಿಂದೆ ಮೊಣಕಾಲೂರಿ ಕೂತು, ತುಟಿ ಕಾಣದಂತೆ ಬಾಯಿಗೆ ರಟ್ಟಿನ ತುಂಡು ಅಡ್ಡ ಹಿಡಿದು ಇನ್ನೊಮ್ಮೆ ಕರೆದರು. ಮಗು ತಿರುಗಲಿಲ್ಲ. ಮುಂದಿದ್ದ ಮೊರದಿಂದ ಜೋಳದ ಕಾಳನ್ನು ಒಂದೊಂದಾಗಿ ಹೆಕ್ಕಿ ಚೊಂಬಿಗೆ ಹಾಕುತ್ತಿತ್ತು. ಊರ ಉಸಾಬರಿಯೆಲ್ಲ ತನ್ನ ತಲೆಯ ಮೇಲೇ ಬಿದ್ದಿದೆ ಎನ್ನುವಷ್ಟು ಗಂಭೀರವಾಗಿತ್ತು ಅದರ ಮುಖ. ಮೇಡಂ ಸ್ಟೀಲ್ ಡಬ್ಬಿಯ ಮುಚ್ಚಳಕ್ಕೆ ಚಮಚದಿಂದ ಬಡಿದರು. ತಟ್ಟನೆ ತಿರುಗಿತು, ಡಬ್ಬಿಯನ್ನು ನೋಡಿತು, ಇಷ್ಟೇನಾ ಎಂಬಂತೆ ಮತ್ತೆ ಕಾಳಿನ ಕಡೆ ಹೊರಳಿತು.

ಗೋಡೆಗೊರಗಿ ನಿಂತಿದ್ದ ಚಂದ್ರಕಲಾ ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತ ಬಿಚ್ಚುತ್ತ ಇದ್ದಳು. 

“ಡಬ್ಬಿಗೆ ತಿರುಗ್ತಾಳ, ಕುಕ್ಕರ್ ಸೀಟಿಗೆ ತಿರುಗ್ತಾಳ. ಮನುಷ್ಯಾರು ಕರೆದ್ರ ಮಾತ್ರ ಯಾಕ ತಿರುಗಂಗಿಲ್ಲರೀ ಮೇಡಂ?”

“ಸದ್ದು ಕೇಳಾದು ಬ್ಯಾರೆ, ಮಾತು ಹಿಡಿಯಾದು ಬ್ಯಾರೆ ಅಕ್ಕಾ. ಮಷಿನ್ ಸದ್ದು ಕಿವಿತನಕ ಮುಟ್ಟಿಸ್ತೈತಿ. ಇವರು ನನ್ನೇ ಕರಿಯಾಕತ್ತಾರ ಅನ್ನಾದು ಆಕಿಗೇ ಹೊಳೀಬೇಕು. ಮನ್ಯಾಗ ದಿನಾ ಹೆಸರು ಹಿಡಿದು ಕರೀತೀರಿಲ್ಲ?”

“ಕರೀತೀವ್ರಿ. ಖರೇನ ಕರೀತೀವಿ.”

“ನಾನೂ ಕರೀತೀನ್ರಿ ಮೇಡಮ್ಮಾರ,” ಎಂದಳು ಬಾಗಿಲ ಬಳಿ ಅವರೆಕಾಯಿ ಸುಲಿಯುತ್ತಿದ್ದ ಅತ್ತೆ ಜಂಬಮ್ಮ. “ಐಸೂರ್ಯ ಅಂತೀನಿ. ನನ್ನ ಹಲ್ಲಿಲ್ಲದ ಬಾಯಾಗ ಆ ಹೆಸರು ನೆಟ್ಟಗ ಹೊಂಡಂಗಿಲ್ಲ. ಅದಕ್ಕೇನರ ತಿಳಿವಲ್ದೋ ಏನೊ ಕೂಸಿಗೆ.”

ಎರಡೂವರೆ ವರ್ಷದ ಆ ಕೂಸಿಗೆ ಹುಟ್ಟಿನಿಂದಲೇ ಕಿವಿ ಕೇಳುತ್ತಿರಲಿಲ್ಲ. ಮನೆಯವರಿಗೆ ಅದು ಗೊತ್ತಾಗಿದ್ದು ತಡವಾಗಿ. ಗಾದಿಗನೂರಿನ ರಸ್ತೆಯಂಚಿನ ಮನೆ. ಅದಿರು ತುಂಬಿದ ಲಾರಿ ಹೋದರೆ ನೆಲವೇ ನಡುಗುತ್ತದೆ, ಮಗು ಬೆಚ್ಚಿ ನೋಡುತ್ತಿತ್ತು. ಕೇಳಿಸುತ್ತದೆ ಎಂದು ಎಲ್ಲರೂ ನಿಶ್ಚಿಂತೆಯಿಂದ ಇದ್ದರು. ಹೊಸಪೇಟೆಯಲ್ಲಿ ಪರೀಕ್ಷೆಯಾಗಿ ಎರಡೂ ಕಿವಿಗೆ ಕೇಳಿಸುವ ಮಷಿನ್ ಬಂದದ್ದು ಮೊನ್ನೆ ಬೇಸಿಗೆಯಲ್ಲಿ. ಅಂದಿನಿಂದ ಮಗುವಿಗೆ ಕೇಳುವುದನ್ನು, ಮಾತನ್ನು ಕಲಿಸಲು ಕಾವ್ಯ ಮೇಡಂ ವಾರಕ್ಕೊಮ್ಮೆ ಟಿ.ಬಿ. ಡ್ಯಾಮಿನಿಂದ ಬಸ್ಸು ಹಿಡಿದು ಬರುತ್ತಿದ್ದರು. ಟಿವಿ ಬಂದ್ ಮಾಡಿ, ಮಾಡುವ ಕೆಲಸವನ್ನೆಲ್ಲ ಬಾಯಲ್ಲಿ ಹೇಳುತ್ತ ಮಾಡಿ ಎಂದು ಅವರು ಹೇಳಿದ್ದನ್ನು ಚಂದ್ರಕಲಾ ಎಷ್ಟು ನಿಷ್ಠೆಯಿಂದ ಪಾಲಿಸಿದಳೆಂದರೆ, ಉಳ್ಳಾಗಡ್ಡಿ ಹೆಚ್ಚುವಾಗ ಉಳ್ಳಾಗಡ್ಡಿಯ ಬಗ್ಗೆ, ಕಸ ಗುಡಿಸುವಾಗ ಕಸದ ಬಗ್ಗೆ ಮಾತಾಡಿ ಮಾತಾಡಿ, ಇವಳಿಗೇನಾದರೂ ಆಗಿದೆಯಾ ಎಂದು ಪಕ್ಕದ ಮನೆಯ ನೀಲಗಂಗಮ್ಮ ಜಂಬಮ್ಮನನ್ನು ಗುಟ್ಟಾಗಿ ವಿಚಾರಿಸಿದ್ದಳು.

ಇಷ್ಟೆಲ್ಲ ಮಾಡಿದರೂ ಹೆಸರು ಹಿಡಿದು ಕರೆದಾಗ ಮಗು ಒಮ್ಮೆಯೂ ತಿರುಗಿರಲಿಲ್ಲ.

ಇವತ್ತು ಮುಂಜಾನೆ ಗಂಡ ಬಸವರಾಜ್ ಟಿಪ್ಪರ್ ತೆಗೆಯುವ ಮುಂಚೆ ಅಂಗಳದಲ್ಲೇ ನಿಂತು ಹೇಳಿ ಹೋಗಿದ್ದ. “ಇವತ್ತೊಂದಿನ ನೋಡು. ಮೇಡಂ ಕರೆದ್ರ ತಿರುಗಲಿಲ್ಲಂದ್ರ ಮಷಿನ್ ಅವರ ಕೈಯಾಗ ಕೊಟ್ಟು ಕಳಿಸಿಬಿಡು. ದಿನಾ ಕೂಸಿನ್ನ ಹಿಡಕಂಡು ಅಳಿಸಾದು ನನ್ ಕೈಲೆ ನೋಡಾಕ ಆಗಂಗಿಲ್ಲ.”

ಅವನೇನು ಕಟುಕನಲ್ಲ. ಮಷಿನ್ ಹಾಕುವಾಗ ಅತ್ತೆ ಮಗುವಿನ ಕೈ ಹಿಡಿದುಕೊಳ್ಳಬೇಕು, ಚಂದ್ರಕಲಾ ತಲೆ ಹಿಡಿಯಬೇಕು. ಅದು ಒದ್ದಾಡಿ ಒದ್ದಾಡಿ ಅಳುತ್ತದೆ. ಕಿವಿಯ ಹಿಂದೆ ಕೆಂಪಗೆ ಆಗಿತ್ತು. ಅದನ್ನು ನೋಡಲಾರದೆ ಅವನು ಬೀಡಿ ಹಚ್ಚಿಕೊಂಡು ಹೊರಗೆ ಹೋಗುತ್ತಿದ್ದ. ಕಿವಿ ಕೇಳಿಸದು ಎಂದು ಡಾಕ್ಟರು ಹೇಳಿದ ಮೇಲೂ ಅವನು ಮಗಳನ್ನು ಎತ್ತಿಕೊಳ್ಳುತ್ತಿದ್ದ, ಸ್ಟೇರಿಂಗಿನ ಮುಂದೆ ಕೂರಿಸಿಕೊಳ್ಳುತ್ತಿದ್ದ, ಬಾಳೆಹಣ್ಣು ತರುತ್ತಿದ್ದ, ಆದರೆ ಒಂದು ಮಾತೂ ಆಡುತ್ತಿರಲಿಲ್ಲ. ಕೇಳದವರ ಹತ್ತಿರ ಏನು ಮಾತಾಡುವುದು? ಹಾಗೆಂದು ಅವನು ಬಾಯಿ ಬಿಟ್ಟು ಹೇಳಿರಲಿಲ್ಲ, ಚಂದ್ರಕಲಾಳಿಗೆ ಹೇಳಬೇಕಾಗಿಯೂ ಇರಲಿಲ್ಲ. ಮಷಿನ್ ವಾಪಸು ಹೋದರೆ ಈ ಮನೆಯಲ್ಲಿ ತನ್ನ ಮಾತೂ ಒಂದು ದಿನ ನಿಂತುಹೋಗುತ್ತದೆ ಎಂಬ ಭಯ ಅವಳಿಗೆ. ಅತ್ತೆ ಮುದುಕಿ, ಗಂಡ ಹೀಗೆ. ಉಳಿದವಳು ತಾನೊಬ್ಬಳೇ, ಎಷ್ಟು ದಿನ ಗೋಡೆಯೊಂದಿಗೆ ಮಾತಾಡಿಯಾಳು?

ಗಂಡನ ಮಾತನ್ನು ತಗ್ಗಿದ ದನಿಯಲ್ಲಿ ಮೇಡಂಗೆ ಹೇಳಿದಳು. ಕಾವ್ಯ ಮೇಡಂ ರಟ್ಟನ್ನು ಮಡಿಲಲ್ಲಿಟ್ಟುಕೊಂಡರು. ಬಯ್ಯುತ್ತಾರೆಂದುಕೊಂಡಿದ್ದಳು, ಬಯ್ಯಲಿಲ್ಲ. ಅದು ಇನ್ನೂ ಕಷ್ಟವಾಯಿತು.

“ಅವರು ಉಣ್ಣಾಕ ಬರ್ತಾರಲ್ಲ, ನಾನ ಮಾತಾಡ್ತೀನಿ ತಗಾ ಅಕ್ಕಾ,” ಎಂದರು.

“ಮಾತು ಆಮ್ಯಾಲೆ ಆಡುವಂತ್ರಿ. ಮೊದಲು ಒಂದೀಟು ರೊಟ್ಟಿ ತಿನ್ರಿ,” ಎಂದು ಜಂಬಮ್ಮ ಸೊಸೆಗೆ ಕಣ್ಸನ್ನೆ ಮಾಡಿದಳು.

ಚಂದ್ರಕಲಾ ಒಲೆಯ ಮುಂದೆ ಕೂತಳು. ಹಿಟ್ಟು ನಾದಿದಳು, ಬಡಿದಳು, ಹಂಚಿಗೆ ಹಾಕಿ ನೀರು ಸವರಿದಳು. ಕೈ ತನ್ನಷ್ಟಕ್ಕೆ ಕೆಲಸ ಮಾಡುತ್ತಿತ್ತು, ಮನಸ್ಸು ಅಲ್ಲಿರಲಿಲ್ಲ. ರೊಟ್ಟಿ ಉಬ್ಬಿ ಒಂದು ಕಡೆ ಒಡೆದು, ಒಳಗಿನ ಬಿಸಿ ಹಬೆ ನೇರ ಬೆರಳಿಗೆ ಬಡಿಯಿತು.

“ಯವ್ವಾ!”

ಬೆರಳನ್ನು ಬಾಯಿಗಿಟ್ಟುಕೊಂಡು ತಲೆ ಎತ್ತಿದಳು. ಅತ್ತ ಮುಖ ಮಾಡಿ ಕೂತಿದ್ದ ಮಗು ಇತ್ತ ತಿರುಗಿತ್ತು. ಕೈಯಲ್ಲಿ ಜೋಳದ ಕಾಳು ಹಾಗೇ ಇತ್ತು. ಮುಖದ ಮೇಲೆ ಗಾಬರಿ ಇಲ್ಲ, ಮರುಕ ಇಲ್ಲ. ಕೆಲಸದ ನಡುವೆ ಯಾರೋ ಕರೆದರೆ, ಏನು, ಬೇಗ ಹೇಳು ಎಂದು ನೋಡುತ್ತೇವಲ್ಲ, ಆ ನೋಟ. ಏನೂ ಬರದಿದ್ದಾಗ ಮತ್ತೆ ಮೊರದ ಕಡೆ ತಿರುಗಿತು.

 ಏನೋ ನೆರಳು ಕಂಡಿರಬೇಕು, ಸುಮ್ಮನೆ ತಿರುಗಿರಬೇಕು ಎಂದುಕೊಂಡಳು ಚಂದ್ರಕಲಾ. ಹಂಚಿನ ಮೇಲೆ ರೊಟ್ಟಿ ಸೀಯತೊಡಗಿತ್ತು. ಅವಳು ಅಲ್ಲಾಡದೆ, ಬೆರಳನ್ನು ಬಾಯಿಂದ ತೆಗೆದು, ಮೆಲ್ಲಗೆ ಅಂದಳು.

“ಯವ್ವಾ.”

ಮಗು ತಿರುಗಿತು. ಈ ಸಲ ಹುಬ್ಬು ಗಂಟಿಕ್ಕಿತ್ತು.

“ಮೇಡಂ... ಮೇಡಂ, ಬರ್ರಿ ಇಲ್ಲೆ!”

ಕಾವ್ಯ ಮೇಡಂ ಓಡಿ ಬಂದರು. ನಂಬಲಿಲ್ಲ, ನಂಬದಿರುವುದೇ ಅವರ ಕೆಲಸ. ಚಂದ್ರಕಲಾಳನ್ನು ಬಾಗಿಲ ಆಚೆ, ನೆರಳೂ ಬೀಳದ ಕಡೆ ನಿಲ್ಲಿಸಿದರು. “ಈಗ ಅನ್ರಿ,” ಎಂದರು. ಚಂದ್ರಕಲಾ ಅಂದಳು. ತಿರುಗಿತು. ಮೇಡಂ ತಾವೇ ರಟ್ಟು ಹಿಡಿದು “ಐಶ್ವರ್ಯಾ” ಎಂದರು. ಇಲ್ಲ. “ಯವ್ವಾ” ಎಂದರು. ತಿರುಗಿತು. 

“ಬಾರವ್ವ ಇತ್ಲಾಗ, ಎಷ್ಟು ಸಲ ಗೋಳು ಹೊಯ್ಕೊಂತಾರ ನಿನ್ನ,” ಎಂದಳು ಬಾಗಿಲಿನಿಂದ ಜಂಬಮ್ಮ. ಮಗು ಎದ್ದು ಅವಳ ಕಡೆ ಹೊರಟಿತು.

“ಅಮ್ಮಾ, ಈಗ ಆಕಿನ್ನ ಏನಂತ ಕರೆದ್ರಿ?” ಎಂದರು ಮೇಡಂ.

“ನಾ ಎಲ್ಲಿ ಕರೆದ್ನಿ? ಬಾ ಅಂದೆ.”

“ಬಾ ಅಂದಿಲ್ಲ, ಬಾರವ್ವ ಅಂದ್ರಿ!”

“ಮತ್ತ? ಹೆಣ್ಣ ಕೂಸಿಗೆ ಬಾರಪ್ಪ ಅಂತಾರೇನ್ರಿ?”

ಮೇಡಂ ನಗಲು ಹೋಗಿ ಅತ್ತರು, ಅಳುತ್ತಲೇ ನಕ್ಕರು. “ನಮ್ಮವ್ವನೂ ನನ್ನ ಹಿಂಗ ಕರೀತಾಳ. ಯವ್ವಾ, ಬಸ್ ಸಿಕ್ತೇನ ಅಂತ ಇವತ್ತ ಮುಂಜಾನಿನೂ ಫೋನ್ ಮಾಡಿದ್ಲು. ನನಗೂ ಹೊಳೀಲಿಲ್ಲ ನೋಡಕ್ಕಾ. ಈ ಸೀಮ್ಯಾಗ ಹುಟ್ಟಿ ಬೆಳೆದಾಕಿಗೆ ಹೊಳೀಲಿಲ್ಲ.”

ಹೊಳೆಯುವುದಾದರೂ ಹೇಗೆ? ಈ ಸೀಮೆಯಲ್ಲಿ ಹೆಣ್ಣುಮಗು ತೊಟ್ಟಿಲಿಗೆ ಬೀಳುವ ಮೊದಲೇ ಎಲ್ಲರಿಗೂ ಅವ್ವ ಆಗಿಬಿಡುತ್ತದೆ. ಉಣ್ಣವ್ವ, ಮಲಗವ್ವ, ಬ್ಯಾಡವ್ವ. ಅದನ್ನು ಯಾರೂ ಹೆಸರು ಎಂದುಕೊಂಡಿಲ್ಲ. ಪಾಠಕ್ಕೆ ಕೂತಾಗ ಮಾತ್ರ ಶಾಲೆಯ ಹಾಜರಿ ಕೂಗುವಂತೆ ಐಶ್ವರ್ಯ ಎಂದು ಕೂಗಿದ್ದರು, ಎದ್ದ ಮೇಲೆ ಮತ್ತೆ ಯವ್ವಾ. ಈ ಮಗು, ಲಾರಿ, ಕುಕ್ಕರು, ನೀಲಗಂಗಮ್ಮನ ಮನೆಯ ಟಿವಿ, ಕೋಳಿ, ಇಷ್ಟರ ನಡುವಿನಿಂದ ಆ ಒಂದು ಸೊಲ್ಲನ್ನು ಹೆಕ್ಕಿ ಇದು ನಾನು ಎಂದು ಇಟ್ಟುಕೊಂಡಿತ್ತು. ಯಾರೂ ಕಲಿಸಿರಲಿಲ್ಲ. ಯಾರಿಗೂ ಗೊತ್ತಾಗದಂತೆ ಕಲಿತಿತ್ತು.  ಹೆತ್ತಿದ್ದು ತಾನೇ ಆದರೂ, ಆ ಪುಟ್ಟ ತಲೆಯೊಳಗೆ ನಡೆದದ್ದೆಲ್ಲ ತನ್ನ ಕೈಗೆ ಮೀರಿದ್ದು ಎನಿಸಿ, ಹತ್ತಿರ ಹೋಗಿ ಮುಟ್ಟಲೂ ಚಂದ್ರಕಲಾ ಹಿಂಜರಿದಳು.

ಅಷ್ಟರಲ್ಲಿ ರಸ್ತೆಯಲ್ಲಿ ಟಿಪ್ಪರ್ ನಿಂತಿತು. ಬಸವರಾಜ್ ತಲೆಯಿಂದ ಕಾಲಿನವರೆಗೆ ಕೆಂಪು ಧೂಳಾಗಿ ಒಳಗೆ ಬಂದ. ಮೂವರ ಮುಖಗಳನ್ನೂ ನೋಡಿ, ಕೆಟ್ಟದ್ದೇನೋ ಆಗಿದೆ ಎಂದುಕೊಂಡು ಮೊದಲು ಮಗುವನ್ನೇ ನೋಡಿದ. ಜಂಬಮ್ಮ ಹೇಳಿದಳು, ಮೇಡಂ ಹೇಳಿದರು, ಒಬ್ಬರ ಮಾತಿನ ಮೇಲೆ ಒಬ್ಬರು.

“ನಿಮ್ಮ ನೆಳ್ಳು ಕಂಡು ತಿರುಗಿರ್ತಾಳ ಬಿಡ್ರಿ,” ಎಂದ.

“ಹಂಗಾದ್ರ ನೀವ ಕರೀರಿ,” ಎಂದಳು ಚಂದ್ರಕಲಾ. ಗಂಡನಿಗೆ ಹಾಗೆ ಸವಾಲು ಹಾಕಿದ್ದು ಅವಳಿಗೂ ಹೊಸದು.

ಮಗು ಮತ್ತೆ ಮೊರದ ಮುಂದೆ ಕೂತಿತ್ತು. ಅವನು ಬಾಗಿಲಲ್ಲೇ ನಿಂತ.  ಕೆಮ್ಮಿದ. ಕ್ಲೀನರ್‌ಗಳನ್ನು ಮೈಲಿ ದೂರಕ್ಕೆ ಕೇಳುವಂತೆ ಕೂಗುವ ಗಂಡಸು ಅವನು.

“ಯವ್ವಾ,” ಎಂದ, ಕೇಳಿತೋ ಇಲ್ಲವೋ ಎನ್ನುವಷ್ಟು ಸಣ್ಣಗೆ.

“ಏನಪಾ?” ಎಂದಳು ಜಂಬಮ್ಮ ರೂಢಿಯಂತೆ, ಅಂದವಳೇ ನಾಲಿಗೆ ಕಚ್ಚಿಕೊಂಡಳು.

ಮಗು ತಿರುಗಿತ್ತು. ಅಪ್ಪನನ್ನು ನೋಡಿ ಕಾಳು ಕೆಳಗಿಟ್ಟಿತು. ಎದ್ದು ಬಂದು, ಅವನ ಮೊಣಕಾಲಿನ ಮುಂದೆ ನಿಂತು ಮುಖ ಎತ್ತಿ ನೋಡಿತು. ಎತ್ತಿಕೋ ಎಂದು ಕೈ ಚಾಚಲಿಲ್ಲ. ಕಾಯುತ್ತ ನಿಂತಿತು.

ಬಸವರಾಜ್ ಹೆಂಡತಿಯ ಕಡೆ ನೋಡಿದ. ಕರೆದದ್ದೇನೋ ಕರೆದಿದ್ದ, ಮುಂದೆ ಏನು ಹೇಳಬೇಕೆಂದು ಅವನಿಗೆ ತಿಳಿಯಲಿಲ್ಲ.  ಅವನು ನಿಧಾನವಾಗಿ ಕುಕ್ಕರಗಾಲಲ್ಲಿ ಕೂತ. ಅವನ ಮುಖ ಮಗುವಿನ ಮುಖದ ಸಮಕ್ಕೆ ಬಂತು.

“ಉಂಡೇನವ್ವಾ?” ಎಂದ. ಮಗು ಅವನ ಬಾಯನ್ನೇ ನೋಡುತ್ತಿತ್ತು. “ನಾ ಇನ್ನಾ ಉಂಡಿಲ್ಲ. ಇವತ್ತ ಏನಾತು ಗೊತ್ತೇನ, ಘಾಟಿನಾಗ ಅಂಜಿನೇಯನ ಗಾಡಿ ಟೈರ್ ಹೋತು. ನಾವೆಲ್ಲ ಹಿಂದ ನಿಂತ್ವಿ, ಬಿಸಿಲೆಂದ್ರ ಬಿಸಿಲು...”

ಹೊರಗೆ, ದಾರಿಗೆ ಅಡ್ಡ ನಿಂತ ಟಿಪ್ಪರನ್ನು ತೆಗೆಯಲೆಂದು ಹಿಂದಿನ ಲಾರಿಯವನು ಹಾರ್ನ್ ಒತ್ತತೊಡಗಿದ. ಮಗು ಒಮ್ಮೆ ರಸ್ತೆಯ ಕಡೆ ತಿರುಗಿ ನೋಡಿ, ಮತ್ತೆ ಅಪ್ಪನ ಕಡೆ ಮುಖ ಮಾಡಿತು. ಬಸವರಾಜ್ ಹೇಳುತ್ತಲೇ ಇದ್ದ.