ಎರಡಾಳು ನೀರಿನ ಕೀಲಿ

ಮೂರನೇ ಸಲ ತುಂಗಭದ್ರೆಯಿಂದ ತಲೆ ಎತ್ತಿದಾಗಲೂ ಮುಜಾಫರನಿಗೆ ಏನೂ ಕಂಡಿರಲಿಲ್ಲ. ಕಣ್ಣು ಮಾತ್ರ ಧಗಧಗ ಉರಿಯುತ್ತಿದ್ದವು. ಕಣ್ಣಿಗೆ ಹಾಕಿದ್ದ ಈಜಿನ ಮಾಸ್ಕ್ ಕಿತ್ತು ದಂಡೆಗೆ ಎಸೆದ.

ಕಲ್ಲಿನ ಮೇಲೆ ಕೂತಿದ್ದ ಅವನ ತಂದೆ ಇಸ್ಮಾಯಿಲಸಾಬ ಅದನ್ನೆತ್ತಿ ಮೂಸಿ ನೋಡಿ, ಎರಡು ಸಲ ಸೀನಿದ.

"ಇದನ್ನ ಎಲ್ಲಿ ಇಟ್ಟಿದ್ಯೋ?"

"ಗೋದಾಮಿನ್ಯಾಗ. ಗೋಡಿ ಮೊಳಿಗೆ ತೂಗ ಹಾಕಿದ್ದೆ."

"ಮೆಣಸಿನಕಾಯಿ ಗೋದಾಮಿನ್ಯಾಗ?"

ಮುಜಾಫರ ಹೊಳೆಯ ನೀರಿನಿಂದ ಕಣ್ಣು ತೊಳೆದುಕೊಂಡ. ಬ್ಯಾಡಗಿಯ ಆ ಗೋದಾಮಿನಲ್ಲಿ ಮೆಣಸಿನಕಾಯಿ ವಿಂಗಡಿಸುತ್ತ ಹನ್ನೊಂದು ವರ್ಷವಾಗಿದೆ. ಹೊರಗಿನವರು ಬಾಗಿಲಲ್ಲೇ ಕೆಮ್ಮುತ್ತಾರೆ. ಅವನ ಮೂಗಿಗೆ ಆ ಘಾಟು ತಿಳಿಯುವುದು ಎಂದೋ ನಿಂತಿದೆ. ಬ್ಯಾಡಗಿ ಕಾಯಿಗೆ ಬಣ್ಣ ಹೆಚ್ಚು, ಖಾರ ಕಡಿಮೆ ಎಂಬುದು ನಿಜ. ಆದರೆ ಮಾಸ್ಕ್ ಪಕ್ಕದಲ್ಲಿ ಪೇರಿಸಿದ್ದು ಆಂಧ್ರದಿಂದ ಬಂದ ಖಾರದ ಕಾಯಿ. ಅದರ ಪುಡಿ ರಬ್ಬರಿನ ಅಂಚಿಗೆ ಮೆತ್ತಿಕೊಂಡಿತ್ತು.

"ಬ್ಯಾಡಗಿ ಮಂದಿ ಹೊಳಿಗೂ ಒಗ್ಗರಣಿ ಹಾಕಾಕ ಬಂದಾರ ನೋಡ್ರಿ," ಎಂದು ಕೊಡೆಯ ನೆರಳಲ್ಲಿ ಕೂತ ಸಿದ್ದಲಿಂಗಪ್ಪ ನಕ್ಕ.

ನಗಲಿಕ್ಕೆಂದು ಅವನನ್ನು ರಾಣೆಬೆನ್ನೂರಿನಿಂದ ಕರೆಸಿರಲಿಲ್ಲ. ಇಲ್ಲಿ ಸೇತುವೆ ಆಗುವ ಮೊದಲು ಜನರನ್ನು ದಾಟಿಸುತ್ತಿದ್ದ ಕಬ್ಬಿಣದ ದೋಣಿಯ ಗುತ್ತಿಗೆ ಇವನದಿತ್ತು. ದೋಣಿ ನಡೆಸುತ್ತಿದ್ದವನು ಇಸ್ಮಾಯಿಲಸಾಬ. 1997ರ ಆಗಸ್ಟಿನಲ್ಲಿ ಹೊಳೆ ಏರಿದಾಗ ದಂಡೆಗೆ ಕಟ್ಟಿದ್ದ ದೋಣಿ ತೇಲಿಹೋಗಿ, ಅರ್ಧ ಮೈಲಿ ಕೆಳಗೆ ಈ ಮಡುವಿನಲ್ಲಿ ಮುಳುಗಿತು. ದೋಣಿಯ ಮೂತಿಯಲ್ಲಿದ್ದ ಬಳೆಗೆ ದಂಡೆಯ ಸರಪಳಿ ಸುತ್ತಿ ಕೀಲಿ ಹಾಕಿದ್ದೆ, ಪ್ರವಾಹಕ್ಕೆ ಸರಪಳಿ ಹರಿದಿರಬೇಕು ಎಂದು ಇಸ್ಮಾಯಿಲಸಾಬ ಹೇಳಿದ. ಕೀಲಿಯನ್ನೇ ಹಾಕಿರಲಿಲ್ಲ ಎಂದು ಸಿದ್ದಲಿಂಗಪ್ಪ ಊರ ಮುಂದೆ ಹೇಳಿದ. ಊರು ಸಿದ್ದಲಿಂಗಪ್ಪನ ಮಾತನ್ನೇ ನಂಬಿತು. ಇಸ್ಮಾಯಿಲಸಾಬ ಕೀಲಿಕೈ ಒಪ್ಪಿಸಲು ಹೋದರೆ, "ಹಾಕದ ಕೀಲಿಗೆ ಕೀಲಿಕೈ ಯಾಕ ಬೇಕು? ನೀನ ಇಟ್ಗೊ," ಎಂದು ಸಿದ್ದಲಿಂಗಪ್ಪ ಮುಖಕ್ಕೆ ಹೊಡೆದಂತೆ ಹೇಳಿ ಕಳಿಸಿದ್ದ. ಮಡುವಿನ ಕೆಸರು ನೀರಿಗೆ ಯಾರು ಇಳಿದಾರು ಎಂದು ಆ ದೋಣಿಯನ್ನು ಯಾರೂ ಎತ್ತಲಿಲ್ಲ.

ಎರಡು ವರ್ಷದ ಹಿಂದೆ ಮುರುಡೇಶ್ವರಕ್ಕೆ ಹೋದಾಗ ಮುಜಾಫರ ನೀರಿನೊಳಗೆ ಇಳಿಯುವುದನ್ನು ಕಲಿತ. ಆಮೇಲೆ ಬೇಸಿಗೆಯ ಭಾನುವಾರಗಳೆಲ್ಲ ಈ ಮಡುವಿನಲ್ಲೇ. ಹೋದ ವಾರ ಉಸಿರು ಹಿಡಿದು ಮುಳುಗಿದಾಗ ಬೆರಳಿಗೆ ದೋಣಿಯ ಅಂಚು ಸಿಕ್ಕಿತು. ಅದರ ಮೂತಿ ಎರಡಾಳುದ್ದದ ನೀರಿನಲ್ಲಿದೆ. ಮುಂದಿನ ವಾರ ಮಳೆ ಹಿಡಿದರೆ ಹೊಳೆ ಕೆಂಪಾಗಿ ಏರುತ್ತದೆ, ಮತ್ತೆ ಒಂದು ವರ್ಷ ಕಾಯಬೇಕು. ಇಸ್ಮಾಯಿಲಸಾಬನಿಗೆ ಎಪ್ಪತ್ತಾರು. ಅದಕ್ಕೇ ಕೀಲಿ ಹುಡುಕಿ ತೋರಿಸಲು ಮುಜಾಫರ ಈ ಭಾನುವಾರವೇ ಇಬ್ಬರನ್ನೂ ಇಲ್ಲಿ ಕೂಡಿಸಿದ್ದ.

ಮಾಸ್ಕಿಲ್ಲದೆ ನಾಲ್ಕನೇ ಸಲ ಇಳಿದ. ನೀರು ಹೋಗದ ಚೀಲದಲ್ಲಿಟ್ಟ ಮೊಬೈಲನ್ನೂ ಒಯ್ದ. ಮೇಲೆ ಬಂದು ನೋಡಿದರೆ ಎಂಟು ಫೋಟೊ, ಎಂಟೂ ಚಹಾದ ಬಣ್ಣ.

"ಚಲೋ ಬಂದಾವಲ್ಲ," ಎಂದ ಸಿದ್ದಲಿಂಗಪ್ಪ. "ಮನಿಗೆ ಫ್ರೇಮ್ ಹಾಕಿಸು."

ಮುಜಾಫರ ಮೊಬೈಲನ್ನು ಮರಳಿಗೆ ಕುಕ್ಕಿದ. ಆಗ ಎದೆಮಟ್ಟದ ನೀರಿನಲ್ಲಿ ಒಂದು ಉದ್ದನೆಯ ಬಿದಿರು ಗಳ ಹಿಡಿದು ನಿಂತಿದ್ದ ಗದಿಗೆವ್ವ ಕೂಗಿದಳು. ಬೇಸಿಗೆಯಲ್ಲಿ ಹೊಳೆಯ ಕಪ್ಪೆಚಿಪ್ಪು ಆರಿಸುವವಳು. ಒಳಗಿನ ಮಾಂಸ ಸಾರಿಗೆ, ಚಿಪ್ಪು ಸುಣ್ಣ ಸುಡುವವರಿಗೆ. ಅವಳ ಬುಟ್ಟಿ ಆಗಲೇ ಅರ್ಧ ತುಂಬಿತ್ತು.

"ತಮ್ಮಾ, ಮುಂಜಾನಿಂದ ಕಣ್ಣು ಕಣ್ಣು ಅಂತ ಸಾಯಾಕತ್ತಿ. ಈ ನೀರಾಗ ನನಗೇನು ಕಾಣ್ತೈತೇನು? ಕಾಲಿಲೆ ನೋಡೋ."

"ಅದು ಎರಡಾಳು ಐತಿ, ಯವ್ವಾ."

"ಇರ್ಲಿ. ಗಳಾ ಹಿಡಿ. ತಲಿ ಮ್ಯಾಲ ಮಾಡಿ, ಕಾಲು ಮುಂದ ಬಿಟ್ಟು ಜಾರು."

ಅವಳೇ ಈಜುತ್ತ ಗಳವನ್ನು ಅವನು ತೋರಿಸಿದ ಕಡೆ, ದೋಣಿಯ ಪಕ್ಕಕ್ಕೆ ಒಯ್ದು ಕೆಸರಿಗೆ ಊರಿದಳು. ಮುಜಾಫರ ಅದನ್ನು ತಬ್ಬಿ ಕೆಳಗೆ ಜಾರಿದ. ಕಾಲಿಗೆ ಮೊದಲು ಸಿಕ್ಕಿದ್ದು ಕೆಸರು, ಆಮೇಲೆ ಚಿಪ್ಪುಗಳು, ಆಮೇಲೆ ತಣ್ಣನೆ ಕಬ್ಬಿಣ. ಹೆಬ್ಬೆರಳು ಒಂದು ಬಳೆಯೊಳಗೆ ಹೊಕ್ಕಿತು. ಬಳೆಯಿಂದ ಇಳಿಬಿದ್ದ ಗಟ್ಟಿ ತುಂಡು, ಮುಷ್ಟಿಯಷ್ಟು ಗಾತ್ರ. ಅದಕ್ಕೆ ಸಿಕ್ಕಿಕೊಂಡ ಸರಪಳಿಯ ಕೊಂಡಿಗಳು. ಉಸಿರು ಸಾಲದೆ ಮೇಲೆ ಬಂದ, ಮತ್ತೆ ಎರಡು ಸಲ ಇಳಿದ. ಕಡೆಗೆ ತಲೆ ಎತ್ತಿ ತಂದೆಯನ್ನು ಕೂಗಿದ.

"ಅಬ್ಬಾ! ಕೀಲಿ ಐತ್ರಿ! ಸರಪಳಿಗೆ ಹಾಕಿದ್ದು ಹಾಕಿದಂಗ ಐತಿ!"

ಇಸ್ಮಾಯಿಲಸಾಬ ಎದ್ದು ನಿಂತ. ಸಿದ್ದಲಿಂಗಪ್ಪ ಏಳಲಿಲ್ಲ.

"ಕಣ್ಣಿಲೆ ನೋಡಿದ್ಯಾ?"

"ಕಾಲಿಲೆ."

"ಕಾಲಿನ ಸಾಕ್ಷಿ ಯಾವ ಕೋರ್ಟಿನ್ಯಾಗ ನಡಿತೈತೋ?"

"ಹಂಗಾದ್ರ ನೀವ ಇಳೀರಿ!" ಮುಜಾಫರನ ದನಿ ಒಡೆಯಿತು. "ನಿಮ್ಮದೂ ಎರಡು ಕಾಲು ಅದಾವಲ್ಲ!"

"ಏ, ದೊಡ್ಡವರಿಗೆ ಹಂಗ ಅನಬಾರದು," ಎಂದು ಇಸ್ಮಾಯಿಲಸಾಬ ತಡೆದ. ಅದು ಮುಜಾಫರನನ್ನು ಇನ್ನಷ್ಟು ಕೆಣಕಿತು. ಇಷ್ಟು ವರ್ಷ ಹೀಗೇ ತಡೆದುಕೊಂಡೇ ಬಂದ ಮನುಷ್ಯ.

ಗದಿಗೆವ್ವ ಯಾರನ್ನೂ ಕೇಳದೆ ಸೆರಗು ಬಿಗಿದು ಗಳ ಹಿಡಿದು ಇಳಿದಳು. ಮೇಲೆ ಬರಲು ಬಹಳ ಹೊತ್ತು ಹಿಡಿಯಿತು. ಬಂದವಳು ದಂಡೆ ಹತ್ತಿ ಬಾಯಿಯ ನೀರು ಉಗುಳಿದಳು.

"ಕೀಲಿ ಹಾಕೇ ಐತಿ. ಕೀಲಿಗೆ ಹತ್ತಿಕೊಂಡ ಮೂರು ಕೊಂಡಿ ಇಡೀ ಅದಾವ. ನಾಕನೇದು ಹರದು ಬಾಯಿ ಬಿಟ್ಟೈತಿ, ಬೆರಳು ಕೊರೀತು." ಕಾಲೆತ್ತಿ ತೋರಿಸಿದಳು. ಹೆಬ್ಬೆರಳಿನಿಂದ ರಕ್ತ ಇಳಿಯುತ್ತಿತ್ತು. "ಸಾವ್ಕಾರ್ರ, ನಲವತ್ತು ವರ್ಷ ಇದೇ ಕಾಲಿಲೆ ಚಿಪ್ಪು ಆರಿಸೇನಿ. ಕಲ್ಲು ಯಾವುದು, ಚಿಪ್ಪು ಯಾವುದು, ನನಗ ಹೇಳಬ್ಯಾಡ್ರಿ."

ಸಿದ್ದಲಿಂಗಪ್ಪ ರಕ್ತ ನೋಡಿದ. ಕೊಡೆ ಮಡಿಸಿದ.

"ಆತು ಬಿಡ್ರಿ. ಹಳೇ ಮಾತು."

ಹಳೇ ಮಾತು! ಅಷ್ಟೇ? ಇದೇ ಮನುಷ್ಯನ ಬಾಯಿಂದ 'ಇಸ್ಮಾಯಿಲಸಾಬ ಕೀಲಿ ಹಾಕಿದ್ದ' ಎಂಬ ಮೂರು ಶಬ್ದ ಕೇಳಬೇಕೆಂದು ತಾನು ಎರಡು ಬೇಸಿಗೆ ಹೊಳೆಯ ನೀರು ಕುಡಿದದ್ದು. ಮುಜಾಫರ ದಂಡೆ ಹತ್ತಿ ಸಿದ್ದಲಿಂಗಪ್ಪನ ಮುಂದೆ ನಿಂತ. ಅಷ್ಟರಲ್ಲಿ ತಂದೆ ಅವನನ್ನು ದಾಟಿ ಮುಂದೆ ಬಂದ. ಅಂಗಿಯ ಒಳಜೇಬಿನಿಂದ ಒಂದು ಹಿತ್ತಾಳೆಯ ಕೀಲಿಕೈ ತೆಗೆದ. ಅದು ಇಂದಿಗೂ ಅಲ್ಲಿರುತ್ತದೆಂದು ಮಗನಿಗೇ ಗೊತ್ತಿರಲಿಲ್ಲ.

"ಸಾವ್ಕಾರ್ರ, ಅವತ್ತು ನೀವು ಇದನ್ನ ತಗೊಳ್ಳಿಲ್ಲ."

ಸಿದ್ದಲಿಂಗಪ್ಪ ಕೀಲಿಕೈ ನೋಡಿದ, ಹೊಳೆ ನೋಡಿದ, ಸ್ಕೂಟರ್ ನಿಲ್ಲಿಸಿದ ಕಡೆ ನೋಡಿದ. ಇಸ್ಮಾಯಿಲಸಾಬ ಚಾಚಿದ ಕೈ ಹಿಂದೆ ತೆಗೆಯಲಿಲ್ಲ. ಕಡೆಗೆ ಸಿದ್ದಲಿಂಗಪ್ಪ ಕೊಡೆಯನ್ನು ಕಂಕುಳಿಗೆ ಸಿಕ್ಕಿಸಿ, ಎರಡೂ ಕೈ ಒಡ್ಡಿ ಅದನ್ನು ತಗೊಂಡ. ಸ್ಕೂಟರಿನತ್ತ ಹೊರಟ.

"ಒಂದು ಮಾತು ಆಡಲಿಲ್ಲಲ್ರಿ, ಅಬ್ಬಾ!"

"ಕೀಲಿಕೈ ತಗೊಂಡನಲ್ಲ," ಎಂದ ಇಸ್ಮಾಯಿಲಸಾಬ. ಹೆಗಲ ಮೇಲಿನ ವಸ್ತ್ರದ ಅಂಚು ಹರಿದು, ಗದಿಗೆವ್ವನ ಹೆಬ್ಬೆರಳಿಗೆ ಕಟ್ಟಲು ಕೆಳಗೆ ಕೂತ.

ಮುಜಾಫರ ಮಾಸ್ಕ್ ಎತ್ತಿಕೊಂಡು, ಅದೇ ಕೈಯಿಂದ ಕಣ್ಣು ಉಜ್ಜಿಕೊಂಡ. ಕೈಗೂ ಖಾರ ಹತ್ತಿತ್ತು.